ಒಳಗೆ ಹೋದ ಪಾಠ ಹೊರಗೂ ಬರಬೇಕು

ಪ್ರೀತಿಯ ಮಗಳೇ,

ಭಾನುವಾರ ಫೋನು ಇಟ್ಟ ಮೇಲೂ ನಿನ್ನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಕಾಲೇಜಿಗೆ ಎಲ್‌ಎಂಎಸ್ (ಆನ್‌ಲೈನ್ ಕಲಿಕೆ ನಡೆಸುವ ತಂತ್ರಾಂಶ) ಆರಿಸುವ ಸಮಿತಿಗೆ ನಿನ್ನನ್ನೇ ಸಂಚಾಲಕಿ ಮಾಡಿದ್ದಾರೆ, ಮೂರು ಕಂಪನಿಗಳ ಕೊಟೇಶನ್ ಬಂದಿದೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಒಂದನ್ನು ಗಟ್ಟಿ ಮಾಡಿ ಎಂದು ಪ್ರಾಂಶುಪಾಲರು ಅವಸರಪಡಿಸುತ್ತಿದ್ದಾರೆ ಅಂದೆ. ನೀನು ಕಳಿಸಿದ ಹೋಲಿಕೆ ಪಟ್ಟಿಯ ಫೋಟೊವನ್ನು ದೊಡ್ಡದು ಮಾಡಿಕೊಂಡು ಸಾಲು ಸಾಲಾಗಿ ಓದಿದೆ. ಹಾಜರಾತಿ, ವಿಡಿಯೊ ತರಗತಿ, ಡ್ಯಾಶ್‌ಬೋರ್ಡು, ಪೋಷಕರಿಗೆ ಎಸ್ಸೆಮ್ಮೆಸ್ಸು, ಎಲ್ಲವೂ ಇವೆ. ಎಲ್ಲದರ ಮುಂದೆಯೂ ಮೂರೂ ಕಂಪನಿಯವರು ಟಿಕ್ ಹಾಕಿದ್ದಾರೆ. ಎಲ್ಲರೂ ಎಲ್ಲಕ್ಕೂ ಹೌದು ಅಂದಿರುವ ಪಟ್ಟಿ ಹಿಡಿದು ಆರಿಸುವುದು ಹೇಗಮ್ಮ? ಅದರಲ್ಲಿಲ್ಲದ ಒಂದು ಸಾಲು ಹೇಳುತ್ತೇನೆ, ಎಲ್ಲಕ್ಕಿಂತ ಮೇಲೆ ಬರೆದುಕೋ: ಒಳಗೆ ಹಾಕಿದ್ದನ್ನು ಹೊರಗೆ ತೆಗೆಯಲು ಬರುತ್ತದೆಯೇ?

ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ನಾನಿದ್ದ ಕಾಲೇಜಿನಲ್ಲಿ, 2020ರ ಲಾಕ್‌ಡೌನ್ ತರಾತುರಿಯಲ್ಲಿ, ಒಂದು ಕಂಪನಿಯ ಎಲ್‌ಎಂಎಸ್ ಕೊಂಡೆವು. ನಮ್ಮ ರಸಾಯನಶಾಸ್ತ್ರದ ಮೇಡಂ ದಿನಾ ಬೆಳಿಗ್ಗೆ, ಬಸ್ಸಿಗೆ ಹೊರಡುವ ಮುಂಚಿನ ಒಂದು ಗಂಟೆಯಲ್ಲಿ, ಅದಕ್ಕೆ ಪ್ರಶ್ನೆಗಳನ್ನು ಟೈಪ್ ಮಾಡುತ್ತಿದ್ದರು. ಬರೀ ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಸರಿ ಅನ್ನುವ ಪ್ರಶ್ನೆಗಳಲ್ಲ. ಪ್ರತಿ ತಪ್ಪು ಉತ್ತರದ ಕೆಳಗೂ ಒಂದೊಂದು ಸಾಲು ಬರೆಯುತ್ತಿದ್ದರು: ‘ನೀನು ಇಲ್ಲಿ ಮೋಲನ್ನು ಗ್ರಾಂ ಎಂದುಕೊಂಡೆ, ಇನ್ನೊಂದು ಸಲ ನೋಡು.’ ಆ ತಪ್ಪನ್ನು ಯಾವ ಹುಡುಗ ಯಾಕೆ ಮಾಡುತ್ತಾನೆ ಅನ್ನುವುದು ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಮಾತ್ರ ಗೊತ್ತಿರುತ್ತದೆ. ಮೂರು ವರ್ಷಕ್ಕೆ ಅಂಥ ಸಾವಿರ ಪ್ರಶ್ನೆಗಳಾದವು. ಒಪ್ಪಂದ ಮುಗಿದಾಗ ಕಂಪನಿ ದರ ಏರಿಸಿತು, ಆಡಳಿತ ಮಂಡಳಿ ಒಪ್ಪಲಿಲ್ಲ. ನಮ್ಮದನ್ನು ನಮಗೆ ಕೊಡಿ ಎಂದು ಕೇಳಿದಾಗ ಬಂದದ್ದು ಒಂದು ಎಕ್ಸೆಲ್ ಶೀಟ್. ಅದರಲ್ಲಿ ವಿದ್ಯಾರ್ಥಿಗಳ ಹೆಸರು, ರಿಜಿಸ್ಟರ್ ನಂಬರು, ಅಂಕ. ಪ್ರಶ್ನೆಗಳು ಬರಲಿಲ್ಲ, ಆ ಸಾಲುಗಳೂ ಬರಲಿಲ್ಲ. ಒಪ್ಪಂದ ತೆಗೆದು ನೋಡಿದರೆ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ಆ ಕಾಗದಕ್ಕೆ ಸಮಿತಿಯ ಪರವಾಗಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮೇಡಂ ಯಾರನ್ನೂ ದೂರಲಿಲ್ಲ, ಸ್ಟಾಫ್ ರೂಮಿನಲ್ಲಿ ಆ ದಿನವೆಲ್ಲ ಮಾತಾಡಲೂ ಇಲ್ಲ.

ಇದು ಒಂದು ಊರಿನ ಕಥೆ ಅಂದುಕೊಳ್ಳಬೇಡ. 2008ರಲ್ಲಿ ಅಮೆರಿಕದಲ್ಲಿ ಶುರುವಾಗಿ, ಅನೇಕ ದೇಶಗಳ ಶಾಲೆಗಳು ಉಚಿತವಾಗಿ ಬಳಸುತ್ತಿದ್ದ ಎಡ್ಮೋಡೊ 2022ರ ಸೆಪ್ಟೆಂಬರ್ 22ರಂದು ಬಾಗಿಲು ಹಾಕಿತು. ಅದಕ್ಕೂ ಮುಂಚೆ ವೆಬ್‌ಸಿಟಿ ಎಂಬುದೊಂದಿತ್ತು, ಕಾಲೇಜುಗಳಲ್ಲಿ ದೊಡ್ಡ ಹೆಸರು. ಅದನ್ನು ಬ್ಲ್ಯಾಕ್‌ಬೋರ್ಡ್ ಕೊಂಡಿತು, ಆಮೇಲೆ ವೆಬ್‌ಸಿಟಿ ಅನ್ನುವ ಹೆಸರೂ ಉಳಿಯಲಿಲ್ಲ. ದುಡ್ಡು ಕೊಟ್ಟು ಕೊಂಡರೂ ಸರಿ, ಪುಕ್ಕಟೆ ಸಿಕ್ಕರೂ ಸರಿ, ಒಂದು ದಿನ ಅಲ್ಲಿಂದ ಗಂಟುಮೂಟೆ ಕಟ್ಟಬೇಕಾಗುತ್ತದೆ. ಆ ದಿನಕ್ಕೆ ಇವತ್ತೇ ಸಿದ್ಧವಾಗಬೇಕು.

ಹಾಗಾಗಿ ಮೂವರಿಗೂ ಒಂದೇ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕಳಿಸು: ನಮ್ಮ ಪಾಠ, ಪ್ರಶ್ನೆಕೋಶ, ಅಂಕ, ವಿದ್ಯಾರ್ಥಿಗಳ ಅಸೈನ್‌ಮೆಂಟು, ಇವು ಯಾವ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಬೇರೆ ಶುಲ್ಕವಿಲ್ಲದೆ ನಮ್ಮ ಕೈಗೆ ಬರುತ್ತವೆ? ಉತ್ತರ ಒಪ್ಪಂದದೊಳಗೆ ಸೇರಲಿ. ‘ಅದೇನು ದೊಡ್ಡ ವಿಷಯ ಅಲ್ಲ ಮೇಡಂ, ಮಾಡಿಕೊಡೋಣ’ ಎಂದು ಬಾಯಲ್ಲಿ ಹೇಳಿದರೆ ನಂಬಬೇಡ. ಇನ್ನೂ ಒಳ್ಳೆಯದು, ನೀನೇ ಮಾಡಿ ನೋಡು. ನಿನ್ನ ವಿಷಯದ ಒಂದೇ ಒಂದು ಘಟಕವನ್ನು ಅದರೊಳಗೆ ಹಾಕು, ಹತ್ತು ಪ್ರಶ್ನೆ ಬರೆ, ಒಂದು ಅಸೈನ್‌ಮೆಂಟ್ ಕೊಡು. ಆಮೇಲೆ ಎಲ್ಲವನ್ನೂ ಹೊರಗೆ ತೆಗೆದು ಇನ್ನೊಂದು ಎಲ್‌ಎಂಎಸ್‌ಗೆ ಹಾಕು. ಎಷ್ಟು ಉಳಿಯಿತು, ಎಷ್ಟು ಉದುರಿತು ಅಂತ ನೋಡಿದರೆ ನೂರು ಡೆಮೊ ನೋಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ನಿನ್ನ ಪಟ್ಟಿಯಲ್ಲಿ ಮೂಡಲ್ ಇಲ್ಲದ್ದು ನನಗೆ ಆಶ್ಚರ್ಯವಾಯಿತು. ಹೆಸರು ಕೇಳಿದರೆ ನಮ್ಮ ಮೂಡಲ ದಿಕ್ಕು ನೆನಪಾಗುತ್ತದೆ, ಆದರೆ ಅದು ಬಂದದ್ದು ಆಸ್ಟ್ರೇಲಿಯಾದ ಪರ್ತ್‌ನಿಂದ. ಅದನ್ನು ಕಟ್ಟಿದ ಮಾರ್ಟಿನ್ ಡೂಗಿಯಾಮಸ್ ಬೆಳೆದದ್ದು ಮರುಭೂಮಿಯ ನಡುವಿನ ಒಂದು ಸಣ್ಣ ನೆಲೆಯಲ್ಲಿ. ಹತ್ತಿರದಲ್ಲಿ ಶಾಲೆ ಇರಲಿಲ್ಲ, ಪಾಠ ರೇಡಿಯೊದಲ್ಲಿ ಬರುತ್ತಿತ್ತು. ದೂರದಲ್ಲಿ ಕೂತು ಕಲಿಯುವುದೆಂದರೆ ಏನೆಂದು ಬಾಲ್ಯದಲ್ಲೇ ಉಂಡವನು ಕಟ್ಟಿದ್ದು ಎಂಬ ಕಾರಣಕ್ಕೇ ನನಗೆ ಅದರ ಮೇಲೆ ವಿಶ್ವಾಸ. ಮೊದಲ ಪೂರ್ಣ ಆವೃತ್ತಿ 2002ರಲ್ಲಿ ಬಂತು. ಮುಕ್ತ ತಂತ್ರಾಂಶ, ಲೈಸೆನ್ಸಿಗೆ ದುಡ್ಡಿಲ್ಲ. ಒಂದು ಕೋರ್ಸನ್ನು ಇಡಿಯಾಗಿ ಒಂದೇ ಫೈಲಿನಲ್ಲಿ ಬ್ಯಾಕಪ್ ತೆಗೆದು ಬೇರೆ ಮೂಡಲ್‌ಗೆ ಹಾಕಬಹುದು, ಪ್ರಶ್ನೆಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಹೇಗೆ ಬಳಸುವುದೆಂದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಪಾಠಗಳಿವೆ.

ಆದರೆ ಲೈಸೆನ್ಸ್ ಉಚಿತ ಅಂದ ಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. ಸರ್ವರ್ ಬಾಡಿಗೆ ಬೇಕು, ಹೊಸ ಆವೃತ್ತಿ ಬಂದಾಗ ಹಾಕಬೇಕು, ಬ್ಯಾಕಪ್ ತೆಗೆಯಬೇಕು. ಅದಕ್ಕೊಬ್ಬ ಮನುಷ್ಯ ಬೇಕು. ನಮ್ಮ ಕಡೆ ಈ ಕೆಲಸ ಸಾಮಾನ್ಯವಾಗಿ ಬೀಳುವುದು ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕರ ತಲೆಗೆ. ಕಡಿಮೆ ಗೌರವಧನಕ್ಕೆ, ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದೆ ದುಡಿಯುವ ಹುಡುಗ ಅವನು. ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಹೋದರೆ ಅಡ್ಮಿನ್ ಪಾಸ್‌ವರ್ಡ್ ಅವನ ಜೊತೆಗೇ ಹೋಗುತ್ತದೆ. ತಪ್ಪು ಅವನದಲ್ಲ, ಕೇಳಿ ಬರೆದಿಟ್ಟುಕೊಳ್ಳದ ನಮ್ಮದು. ಡೊಮೇನು, ಸರ್ವರು, ಅಡ್ಮಿನ್ ಖಾತೆ ಎಲ್ಲವೂ ಕಾಲೇಜಿನ ಇಮೇಲ್ ಹೆಸರಿನಲ್ಲಿರಲಿ, ಯಾರ ಸ್ವಂತ ಜಿಮೇಲೂ ಬೇಡ. ಕೆಲಸ ಇಬ್ಬರಿಗೆ ಗೊತ್ತಿರಲಿ, ಪಾಸ್‌ವರ್ಡ್ ಬರೆದು ಲಕೋಟೆಯಲ್ಲಿ ಮೊಹರು ಹಾಕಿ ಆಫೀಸಿನ ಬೀರುವಿನಲ್ಲಿಡಿ. ಆ ಹುಡುಗನಿಗೆ ಈ ಕೆಲಸಕ್ಕೆಂದೇ ವಾರಕ್ಕೆ ನಾಲ್ಕು ಗಂಟೆ ಕಾರ್ಯಭಾರ ಕಡಿಮೆ ಮಾಡಿಸು. ಪ್ರಾಂಶುಪಾಲರ ಹತ್ತಿರ ಇದಕ್ಕಾಗಿ ಜಗಳವಾಡಬೇಕಾಗಿ ಬಂದರೂ ಆಡು.

ಇನ್ನು ಫೋನಿನ ಮಾತು. ಡೆಮೊದಲ್ಲಿ ತೋರಿಸುವುದು ದೊಡ್ಡ ಪರದೆಯ ಲ್ಯಾಪ್‌ಟಾಪಿನಲ್ಲಿ, ಕಾಲೇಜಿನ ವೈಫೈಯಲ್ಲಿ. ನಿನ್ನ ವಿದ್ಯಾರ್ಥಿಗಳು ಓದುವುದು ಅಲ್ಲಲ್ಲ. ತರಗತಿಯಲ್ಲಿ ಎಲ್ಲಕ್ಕಿಂತ ಹಳೆಯ ಫೋನು ಯಾರ ಹತ್ತಿರ ಇದೆ, ಅಣ್ಣ ಸಂಜೆ ಕೆಲಸದಿಂದ ಬಂದ ಮೇಲೆ ಯಾರಿಗೆ ಫೋನು ಸಿಗುತ್ತದೆ ಅನ್ನುವುದನ್ನು ಮೊದಲು ಕೇಳಿ ತಿಳಿದುಕೋ. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ಸಿಗ್ನಲ್ಲಿಗಾಗಿ ರಸ್ತೆ ಪಕ್ಕ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದ ಫೋಟೊ ನೀನೂ ನೋಡಿರುತ್ತೀಯ. ಆ ಹುಡುಗಿಯಂಥವರು ನಿನ್ನ ಹಾಜರಿ ಪುಸ್ತಕದಲ್ಲೂ ಇದ್ದಾರೆ.

ಒಂದು ಸಣ್ಣ ವಿಷಯ ಹೇಳುತ್ತೇನೆ, ಡೆಮೊದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಮಕ್ಕಳು ಅಸೈನ್‌ಮೆಂಟನ್ನು ಟೈಪ್ ಮಾಡುವುದಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದು ಪುಟ ಪುಟವಾಗಿ ಫೋಟೊ ತೆಗೆಯುತ್ತಾರೆ. ಒಂದು ಫೋಟೊ ನಾಲ್ಕೈದು ಎಂಬಿ ಇರುತ್ತದೆ. ಮೂಡಲ್ ನಡೆಯುವ ಪಿಎಚ್‌ಪಿಯಲ್ಲಿ, ಯಾರೂ ಬದಲಿಸದಿದ್ದರೆ, ಒಂದು ಫೈಲಿಗೆ ಮಿತಿ 2 ಎಂಬಿ. ಅಲ್ಲಿಗೆ ಮುಗಿಯಿತು. ರಾತ್ರಿ ಹತ್ತು ಗಂಟೆಗೆ, ಸಿಗ್ನಲ್ ಸಿಗುವ ಜಗಲಿಯ ಮೂಲೆಯಲ್ಲಿ ನಿಂತ ಹುಡುಗಿಗೆ ಕಾಣುವುದು ಒಂದು ಇಂಗ್ಲಿಷ್ ಸಾಲು: ಫೈಲು ದೊಡ್ಡದಾಯಿತು ಅಂತ. ಅವಳು ತನ್ನದೇ ತಪ್ಪು ಅಂದುಕೊಳ್ಳುತ್ತಾಳೆ. ಮಾರನೆಯ ದಿನ ನೀನು ಇಂಟರ್ನಲ್ಸ್ ಪಟ್ಟಿಯಲ್ಲಿ ಅವಳ ಮುಂದೆ ಸೊನ್ನೆ ಹಾಕುತ್ತೀಯ. ಮಿತಿ ಏರಿಸುವುದು ಐದು ನಿಮಿಷದ ಕೆಲಸ, ಆದರೆ ತೊಂದರೆ ಅಲ್ಲಿದೆ ಅಂತ ಯಾರಿಗಾದರೂ ಗೊತ್ತಾಗಬೇಕಲ್ಲ. ಆದ್ದರಿಂದ ಪರೀಕ್ಷೆ ಮಾಡುವಾಗ ಆರು ಪುಟದ ಕೈಬರಹವನ್ನು ಹಳೆಯ ಫೋನಿನಿಂದ, ಊರಿಗೆ ಹೋಗುವ ಬಸ್ಸಿನಲ್ಲಿ ಕೂತು ಕಳಿಸಿ ನೋಡು. ವೈಫೈ ಇರುವಲ್ಲಿ ಪಾಠ ಇಳಿಸಿಕೊಂಡು ಮನೆಗೆ ಹೋಗಿ ನೆಟ್ ಇಲ್ಲದೆ ಓದಲು ಬರುತ್ತದೆಯೇ ಅಂತಲೂ ನೋಡು. ಮೂಡಲ್ ಆ್ಯಪ್‌ನಲ್ಲಿ ಬರುತ್ತದೆ.

ಕನ್ನಡದ ವಿಷಯವನ್ನು ಸಮಿತಿಯಲ್ಲಿ ಯಾರೂ ಎತ್ತುವುದಿಲ್ಲ, ನೀನೇ ಎತ್ತಬೇಕು. ಕನ್ನಡ, ಇತಿಹಾಸ, ರಾಜ್ಯಶಾಸ್ತ್ರದ ಮೇಷ್ಟರುಗಳ ನೋಟ್ಸು ಬಹಳ ಮಟ್ಟಿಗೆ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದೆ, ಯೂನಿಕೋಡ್‌ನಲ್ಲಿಲ್ಲ. ಅದನ್ನು ಹಾಗೇ ತಂದು ಅಂಟಿಸಿದರೆ ಪರದೆ ತುಂಬ ಚುಕ್ಕೆ ಕೊಂಬಿನ ಇಂಗ್ಲಿಷ್ ಅಕ್ಷರಗಳು. ಹಿರಿಯ ಮೇಷ್ಟರು ಒಮ್ಮೆ ಅದನ್ನು ನೋಡಿದರೆ ‘ಇದು ನನಗಾಗುವುದಲ್ಲ’ ಎಂದು ಎದ್ದು ಹೋಗುತ್ತಾರೆ, ಮತ್ತೆ ಕರೆತರುವುದು ಕಷ್ಟ. ಪರಿವರ್ತಿಸುವ ಸಾಧನ ನುಡಿಯಲ್ಲೇ ಇದೆ. ಶುರುವಿನ ವಾರದಲ್ಲೇ ಒಬ್ಬ ವಿದ್ಯಾರ್ಥಿಯನ್ನು ಅವರ ಪಕ್ಕ ಕೂರಿಸಿ ಎಲ್ಲ ನೋಟ್ಸನ್ನೂ ಬದಲಿಸಿಕೊಡು.

ಯೂನಿಕೋಡ್ ಬಂದ ಮೇಲೂ ಒಂದು ಸಿಕ್ಕು ಉಳಿಯುತ್ತದೆ. 1995ರ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ನಟ ಯಾರು ಎಂದು ಒಂದು ಪದದ ಉತ್ತರ ಕೇಳು. ಒಬ್ಬ ರಾಜ್‌ಕುಮಾರ್ ಎಂದು ಬರೆಯುತ್ತಾನೆ, ಇನ್ನೊಬ್ಬ ರಾಜ್ಕುಮಾರ್ ಎಂದು ‘ಕ’ವನ್ನು ಒತ್ತಾಗಿಸುತ್ತಾನೆ, ಮತ್ತೊಬ್ಬ ರಾಜಕುಮಾರ್. ಮೊದಲನೆಯದರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ, ಅದು ಇಲ್ಲದಿದ್ದರೆ ಎರಡನೆಯದಾಗುತ್ತದೆ. ನಮಗೆ ಮೂರೂ ಸರಿ, ಯಂತ್ರಕ್ಕೆ ಮೂರೂ ಬೇರೆ. ಇಂಥ ಪ್ರಶ್ನೆಗೆ ಎಲ್ಲ ರೂಪಗಳನ್ನೂ ಸರಿಯುತ್ತರವೆಂದು ಸೇರಿಸಲು ಬರಬೇಕು, ಯಂತ್ರ ತಪ್ಪೆಂದದ್ದನ್ನು ಮೇಷ್ಟರು ತಿದ್ದಲೂ ಬರಬೇಕು. ಮೂರೂ ಕಂಪನಿಗಳಿಗೆ ಈ ಒಂದು ಪ್ರಶ್ನೆ ಕೊಟ್ಟು ಎದುರಿಗೇ ಮಾಡಿಸಿ ನೋಡು.

ಗೂಗಲ್ ಕ್ಲಾಸ್‌ರೂಮ್ ಸಾಲದೇ ಎಂದು ನೀನು ಕೇಳಿದ್ದೆ. ಹತ್ತು ಜನ ಅಧ್ಯಾಪಕರಿರುವ ಪ್ರೌಢಶಾಲೆಗೆ, ಸಣ್ಣ ಪಿಯು ಕಾಲೇಜಿಗೆ ಧಾರಾಳವಾಗಿ ಸಾಕು. ನೋಟ್ಸು ಕೊಡುವುದು, ಅಸೈನ್‌ಮೆಂಟ್ ತೆಗೆದುಕೊಳ್ಳುವುದು ಅದರಷ್ಟು ಸಲೀಸು ಬೇರೆಲ್ಲೂ ಇಲ್ಲ. ನಿಮ್ಮದು ಪದವಿ ಕಾಲೇಜು. ವರ್ಷದಿಂದ ವರ್ಷಕ್ಕೆ ಬೆಳೆಯುವ ಪ್ರಶ್ನೆಕೋಶ ಬೇಕೆಂದಾದರೆ ಅದು ಚಿಕ್ಕದಾಗುತ್ತದೆ. ಸರ್ಕಾರಿ ಪದವಿ ಕಾಲೇಜುಗಳಿಗೆ 2021ರಲ್ಲಿ ರಾಜ್ಯವೇ ಎಲ್‌ಎಂಎಸ್ ತಂದಿತು. ಅಲ್ಲಿ ನಿನ್ನ ಗೆಳತಿಯರಿದ್ದಾರಲ್ಲ, ದಿನನಿತ್ಯ ಯಾವುದನ್ನು ಬಳಸುತ್ತಾರೆ, ಯಾವುದನ್ನು ಬಿಟ್ಟಿದ್ದಾರೆ ಕೇಳು. ಯುಯುಸಿಎಂಎಸ್ ಇದೆಯಲ್ಲ ಎಂದು ಸಮಿತಿಯಲ್ಲಿ ಯಾರಾದರೂ ಹೇಳಿದರೆ, ಅದು ಪ್ರವೇಶ, ಪರೀಕ್ಷೆ, ಫಲಿತಾಂಶದ ವ್ಯವಸ್ಥೆ, ಪಾಠದ್ದಲ್ಲ ಎಂದು ಬಿಡಿಸಿ ಹೇಳು.

ನಿಮ್ಮ ಆವರಣದಲ್ಲೇ ಪಿಯು ವಿಭಾಗವೂ ಇರುವುದರಿಂದ ಇನ್ನೊಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಪಾಠಕ್ಕೆ ಬೇಕಿಲ್ಲದ ಆಧಾರ್, ಜಾತಿ, ತಂದೆಯ ಆದಾಯ ಯಾವುದನ್ನೂ ಒಳಗೆ ತುಂಬಿಸಬೇಡ. ಹೆಸರು, ರಿಜಿಸ್ಟರ್ ನಂಬರು, ಒಂದು ಇಮೇಲ್ ಇದ್ದರೆ ಪಾಠ ನಡೆಯುತ್ತದೆ.

ನ್ಯಾಕ್ ತಂಡಕ್ಕೆ ತೋರಿಸಲು ಲಾಗಿನ್ ಸಂಖ್ಯೆ ಏರಿಸುವ ಒತ್ತಡ ನಿನ್ನ ಮೇಲೆ ಬರುತ್ತದೆ. ಎಲ್ಲ ವಿಭಾಗಗಳನ್ನೂ ಒಂದೇ ಸಲ ಎಳೆದು ತರಬೇಡ. ಮನಸ್ಸಿರುವ ಮೂರು ಜನ ಅಧ್ಯಾಪಕರು, ಒಂದು ಸೆಮಿಸ್ಟರು, ಒಂದೊಂದು ಪತ್ರಿಕೆ. ಆಮೇಲೆ ಅವರೇ ಸ್ಟಾಫ್ ರೂಮಿನಲ್ಲಿ ಉಳಿದವರ ಎದುರು ಮಾತಾಡಲಿ.

ಆ ರಸಾಯನಶಾಸ್ತ್ರದ ಮೇಡಂಗೆ ನಿನ್ನೆ ಫೋನ್ ಮಾಡಿದ್ದೆ. ಕಳೆದುಹೋದ ಪ್ರಶ್ನೆಗಳಲ್ಲಿ ಮುನ್ನೂರನ್ನು ನೆನಪಿನಿಂದ ಮತ್ತೆ ಬರೆದಿದ್ದಾರೆ, ಈ ಸಲ ಮೊದಲು ನೋಟ್‌ಬುಕ್ಕಿನಲ್ಲಿ. ನಿಮ್ಮ ಸಮಿತಿಯ ಮುಂದಿನ ಸಭೆಗೆ ಬರಲು ಒಪ್ಪಿದ್ದಾರೆ. ಅವರಿಗೆ ಹತ್ತೂವರೆಯ ಬಸ್ಸು, ಸಭೆಯನ್ನು ಹನ್ನೊಂದಕ್ಕೆ ಇಟ್ಟುಕೋ. ಕಂಪನಿಯವರನ್ನೂ ಅದೇ ಹೊತ್ತಿಗೆ ಕರೆ. ಆ ನೋಟ್‌ಬುಕ್ಕಿನ ಹತ್ತು ಪ್ರಶ್ನೆಗಳನ್ನು, ತಪ್ಪು ಉತ್ತರಗಳ ಕೆಳಗಿನ ಸಾಲುಗಳ ಸಮೇತ, ಮೇಡಂ ಎದುರಿಗೇ ಒಳಗೆ ಹಾಕಿಸಿ ಹೊರಗೆ ತೆಗೆಸು. ಏನಾಯಿತೆಂದು ಅವತ್ತೇ ರಾತ್ರಿ ಫೋನ್ ಮಾಡು, ಎಚ್ಚರವಿರುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಮೇಷ್ಟರು