ಹಗ್ಗ ಹಿಡಿದ ಹುಡುಗ ಮೊದಲು ಮಾತಾಡಲಿ

ಪ್ರಶ್ನೆ: ಕರಾವಳಿಯ ಹೊಳೆ ದಂಡೆಯ ಊರು ನಮ್ಮದು. ನೀರಿಗೆ ಬಿದ್ದವರನ್ನು ರಕ್ಷಿಸುವ ಸ್ವಯಂಸೇವಕರ ಸಂಘಕ್ಕೆ ನಾನು ಕಾರ್ಯದರ್ಶಿ. ಸಂಘ ಕಟ್ಟಿದ ಅಧ್ಯಕ್ಷರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರ ಮಾತೇ ಕೊನೆ. ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬಾರದು ಎನ್ನುವುದು ಹುಡುಗರ ಹಟ. ಆದರೆ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಗೊಣಗುತ್ತಾರೆ. ಒಳ್ಳೆಯ ಈಜುಗಾರರಿಬ್ಬರು ಬರುವುದನ್ನೇ ಬಿಟ್ಟರು. 'ಬದಲಾವಣೆ ನೀವೇ ತನ್ನಿ' ಎಂದರೂ ಯಾರೂ ಮುಂದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಸಭೆ ಮುಗಿಯುವಾಗ 'ಯಾರದ್ದಾದರೂ ಸಲಹೆ ಇದೆಯೇ' ಎಂದರೆ, ಅಧ್ಯಕ್ಷರ ಎದುರು ಕುಳಿತ ಇಪ್ಪತ್ತರ ಹುಡುಗ ಹೇಗೆ ಮಾತಾಡಿಯಾನು? ಈಜು ಕಲಿಸಿದ ಹಿರಿಯರನ್ನು ಎದುರು ಹಾಕಿಕೊಂಡಂತಾಗುತ್ತದೆ ಎಂಬ ಅಳುಕು ಅವನಿಗೆ.

ಪ್ರತಿ ಕಾರ್ಯಾಚರಣೆ ಮುಗಿದ ಮೇಲೆ, ಒದ್ದೆ ಬಟ್ಟೆ ಬದಲಿಸಿ ಚಹಾ ಕುಡಿಯುವಾಗಲೇ ಎಲ್ಲರೂ ಕೂತು ಮಾತಾಡಿ. ಏನು ಮಾಡಬೇಕೆಂದು ಹೊರಟೆವು, ಆದದ್ದೇನು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಬದಲಿಸೋಣ, ಇಷ್ಟೇ. ಹೊಸಬರು ಮೊದಲು, ಅಧ್ಯಕ್ಷರು ಕೊನೆಗೆ. 'ಅಭಿಪ್ರಾಯ ಹೇಳು' ಅನ್ನಬೇಡಿ. 'ದಡದಲ್ಲಿ ಹಗ್ಗ ಹಿಡಿದಿದ್ದವನು ನೀನು, ಅಲ್ಲಿಂದ ಏನು ಕಂಡಿತು?' ಎಂದು ಕೇಳಿ. ಕಂಡದ್ದನ್ನು ಹೇಳಲು ಅಷ್ಟು ಸಂಕೋಚವಿರುವುದಿಲ್ಲ. ಹೆಣ ಎತ್ತಿದ ದಿನ ಮಾತ್ರ ಇದು ಬೇಡ. ಅವತ್ತು ಹುಡುಗರು ಮನೆಗೆ ಹೋಗಲಿ, ಮರುದಿನ ಕೂರಿ.

ಜಾಕೆಟ್ ವಿಷಯದಲ್ಲಿ ನಾನು ಹುಡುಗರ ಕಡೆ. 1861ರ ಫೆಬ್ರವರಿ 9ರಂದು ಇಂಗ್ಲೆಂಡಿನ ವಿಟ್ಬಿಯಲ್ಲಿ ಭಾರಿ ಬಿರುಗಾಳಿ ಎದ್ದಿತ್ತು. ರಕ್ಷಣಾ ದೋಣಿಯವರು ಒಂದಾದ ಮೇಲೊಂದು ಹಡಗಿನ ಜನರನ್ನು ಪಾರು ಮಾಡಿ ಮತ್ತೊಮ್ಮೆ ಹೊರಟಾಗ ದೋಣಿ ಮಗುಚಿತು. 13 ಮಂದಿಯಲ್ಲಿ 12 ಜನ ಸತ್ತರು. ಬದುಕಿದವನು ಹೆನ್ರಿ ಫ್ರೀಮನ್, ತಂಡಕ್ಕೆ ಹೊಸಬ. ಆಗಷ್ಟೇ ಬಂದಿದ್ದ ಕಾರ್ಕಿನ ಜಾಕೆಟ್ ತೊಟ್ಟಿದ್ದವನು ಅವನೊಬ್ಬನೇ. ಸತ್ತವರು ಕಡಲಲ್ಲಿ ಪಳಗಿದವರೇ ಆಗಿದ್ದರು. ಫ್ರೀಮನ್ ಮುಂದೆ ಅದೇ ಊರಿನ ರಕ್ಷಣಾ ದೋಣಿಗೆ ಮುಂದಾಳಾದ. ಈ ಕಥೆಯನ್ನು ಅಧ್ಯಕ್ಷರಿಗೆ ಏಕಾಂತದಲ್ಲಿ ಹೇಳಿ, ಸಭೆಯಲ್ಲಿ ಬೇಡ.

ಜಾಕೆಟ್ ಕಡ್ಡಾಯವೆಂದು ಬೈಲಾ ತಿದ್ದುವ ಮಾತು ಈಗಲೇ ಎತ್ತಬೇಡಿ. ಅದು ಮಹಾಸಭೆಗೆ ಬರಬೇಕಾದ್ದು, ಬಂದರೆ ಪರ-ವಿರೋಧ ಎಂದು ಊರೇ ಎರಡಾಗುತ್ತದೆ. ಬದಲಿಗೆ ಒಂದು ಜಾಗ ಆರಿಸಿ. ನಿಮ್ಮಲ್ಲಿ ಕಿಂಡಿ ಅಣೆಕಟ್ಟು ಇದ್ದರೆ ಅದೇ ಆಗಲಿ: ನೀರು ಧುಮುಕುವಲ್ಲಿ ಬುಡದ ಸುಳಿ ಬಿದ್ದವನನ್ನು ಮತ್ತೆ ಮತ್ತೆ ಗೋಡೆಯತ್ತಲೇ ಎಳೆಯುತ್ತದೆ, ಹಾರಿದ ಈಜುಗಾರನನ್ನೂ ಬಿಡುವುದಿಲ್ಲ. ಅಲ್ಲಿಗೆ ಒಂದು ಮಳೆಗಾಲದ ಮಟ್ಟಿಗೆ ಮೂವರು ಹುಡುಗರು ಜವಾಬ್ದಾರರು. ಜಾಕೆಟ್, ತೇಲುವ ಹಗ್ಗ ತುಂಬಿದ ಚೀಲ ಕೊಳ್ಳಲು ಖಜಾಂಚಿಯಿಂದ ಅವರ ಕೈಗೇ ಹಣ ಕೊಡಿಸಿ, ಲೆಕ್ಕ ಅವರೇ ಬರೆಯಲಿ. ಮೊದಲು ದಡದಿಂದ ಹಗ್ಗ, ಆಮೇಲೆ ದೋಣಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಈಜು. ಹರಿವ ನೀರಿಗಿಳಿಯುವವನ ಸೊಂಟಕ್ಕೆ ಹಗ್ಗ ಬಿಗಿದು ಕಟ್ಟುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಹಗ್ಗ ಜಗ್ಗಿದಾಗ ಸೆಳೆತ ಅವನನ್ನೇ ಮುಳುಗಿಸುತ್ತದೆ.

ನೀರಿನ ಹತ್ತಿರ ಚರ್ಚೆ ಸಲ್ಲ, ಅಲ್ಲಿ ಮುಂದಾಳಿನ ಮಾತೇ ನಡೆಯಬೇಕು. ಒಂದಕ್ಕೆ ಮಾತ್ರ ವಿನಾಯಿತಿ ಇರಲಿ: ಅಪಾಯ ಕಂಡ ಯಾವ ಸದಸ್ಯನಾದರೂ 'ನಿಲ್ಲಿ' ಎಂದರೆ ಎಲ್ಲರೂ ನಿಲ್ಲಬೇಕು, ಕೂಗಿದ್ದು ತಪ್ಪಾಗಿದ್ದರೂ ಅವನನ್ನು ಬೈಯುವ ಹಾಗಿಲ್ಲ. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ.

ಅಧ್ಯಕ್ಷರನ್ನು ಬದಿಗೆ ಸರಿಸುವ ಕೆಲಸ ಮಾತ್ರ ಮಾಡಬೇಡಿ. ಹೊಳೆಯ ಯಾವ ತಿರುವಿನಲ್ಲಿ ಸುಳಿ, ಇಳಿತದ ಹೊತ್ತಿಗೆ ಸೆಳೆತ ಯಾವ ಕಡೆಗೆ, ಎಲ್ಲಿ ಮರಳು ಎತ್ತಿದ ಗುಂಡಿ ಎಂಬುದು ಅವರ ತಲೆಯಲ್ಲಿದೆ, ಬೇರೆಲ್ಲೂ ಬರೆದಿಲ್ಲ. ಬೇಸಿಗೆಯಲ್ಲಿ ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹುಡುಗರು ಹೊಳೆಯ ನಕ್ಷೆ ಬರೆಯಲಿ. ಬಿಟ್ಟುಹೋದ ಆ ಇಬ್ಬರ ಮನೆಗೆ ನೀವೇ ಹೋಗಿ. ಮರಳಿ ಬನ್ನಿ ಎನ್ನುವ ಮೊದಲು ಯಾವ ದಿನದ ಯಾವ ಮಾತು ನೋಯಿಸಿತು ಎಂದು ಕೇಳಿ. ಅವರು ಒಪ್ಪಿದರೆ, ಆರಿಸಿದ ಜಾಗದ ಹೊಣೆ ಹೊರುವ ಮೂವರಲ್ಲಿ ಅವರಿಬ್ಬರೂ ಇರಲಿ.