ಬೀದಿಯ ಮರಿಯ ಕುಲವನ್ನು ಬಣ್ಣದಿಂದ ಅರಿಯಬಹುದೆ?

ಮಳೆಗಾಲದ ಒಂದು ಸಂಜೆ ಕಮಲಾಪುರದ ಕೆರೆಯ ಏರಿಯ ಬಳಿ ನಡುಗುತ್ತ ನಿಂತಿದ್ದ ನಾಯಿಮರಿಯೊಂದನ್ನು ಇಬ್ಬರು ವಿದ್ಯಾರ್ಥಿಗಳು ಎತ್ತಿಕೊಂಡು ಮನೆಗೆ ತಂದರೆಂದು ಭಾವಿಸೋಣ. ಮರಿಯ ಮೈ ಕಪ್ಪು. ಹುಬ್ಬಿನ ಮೇಲೆಯೂ ಕಾಲುಗಳಲ್ಲಿಯೂ ಕಂದು ಬಣ್ಣ. ಎದೆಯ ಮೇಲೊಂದು ಬಿಳಿಯ ಮಚ್ಚೆ. ಒಂದು ಕಿವಿ ನೆಟ್ಟಗೆ ನಿಂತಿದೆ, ಇನ್ನೊಂದು ಮಡಿಸಿಕೊಂಡಿದೆ. ಹೊಟ್ಟೆ ಬೆನ್ನಿಗೆ ಅಂಟಿದೆ. ನೆರೆಯವರು ಬಂದು ನೋಡುತ್ತಾರೆ. "ಬಣ್ಣ ನೋಡಿದರೆ ಜರ್ಮನ್ ಷೆಪರ್ಡಿನ ಬೆರಕೆ" ಎನ್ನುತ್ತಾರೆ ಒಬ್ಬರು. "ಸೊಂಟ ನೋಡಿ, ಮುಧೋಳದ ರಕ್ತ" ಎನ್ನುತ್ತಾರೆ ಇನ್ನೊಬ್ಬರು. "ಇದು ಬರಿಯ ಕಂತ್ರಿ, ಇದ್ದಲ್ಲಿಯೇ ಬಿಟ್ಟುಬನ್ನಿ" ಎಂಬುದು ಮೂರನೆಯವರ ತೀರ್ಪು.

ಇದು ಕೇವಲ ಹರಟೆಯ ಮಾತಲ್ಲ. ಮೊದಲಿನ ಇಬ್ಬರ ಊಹೆ ನಿಜವೆಂದು ತೋರಿದರೆ ಮರಿಗೆ ಮನೆ ಸಿಕ್ಕೀತು; ಮೂರನೆಯವರ ಮಾತು ನಿಂತರೆ ಅದು ಮತ್ತೆ ಬೀದಿಯ ಪಾಲಾದೀತು. ಹೀಗೆ ಒಂದು ಜೀವದ ಗತಿಯನ್ನು ನಿರ್ಣಯಿಸುವ ಈ ಊಹೆಗಳಿಗೆ ಆಧಾರವೆಷ್ಟು? ಜೀವವಿಜ್ಞಾನವು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ತಳಿ ಎಂದರೇನು?

ಒಂದೇ ಬಗೆಯ ರೂಪವುಳ್ಳ ನಾಯಿಗಳನ್ನು ಮಾತ್ರ ಆರಿಸಿ, ಹೊರಗಿನವುಗಳೊಡನೆ ಸೇರಗೊಡದೆ, ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಬಂದರೆ ತಳಿಯೊಂದು ಸಿದ್ಧವಾಗುತ್ತದೆ. ತಳಿಗಳ ವಂಶಾವಳಿಯನ್ನು ದಾಖಲೆಮಾಡುವ ಕೆನೆಲ್ ಕ್ಲಬ್ ಎಂಬ ಸಂಸ್ಥೆ ಲಂಡನ್ನಿನಲ್ಲಿ ಸ್ಥಾಪಿತವಾದುದು 1873ರಲ್ಲಿ. ಇಂದು ನಾವು ಕಾಣುವ ವಿಲಾಯತಿ ತಳಿಗಳಲ್ಲಿ ಹೆಚ್ಚಿನವು ಈಗಿನ ರೂಪವನ್ನು ತಾಳಿದುದು ಕಳೆದ ಸುಮಾರು 200 ವರ್ಷಗಳಲ್ಲಿಯೇ. ನಮ್ಮ ನಾಡಿಗೂ ಹೆಮ್ಮೆಯ ತಳಿಯೊಂದುಂಟು: ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ. ಉದ್ದವಾದ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳವಾದ ಕಾಲು - ಇವು ಅದರ ಲಕ್ಷಣಗಳು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಅದನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆಚೀಟಿಯೊಂದರ ಮೇಲೆ ಅದರ ಚಿತ್ರ ಅಚ್ಚಾಯಿತು.

ಆದರೆ ಮನುಷ್ಯನಿಗೂ ನಾಯಿಗೂ ಇರುವ ಸಂಬಂಧ 14,000 ವರ್ಷಗಳಿಗೂ ಹಿಂದಿನದು. ಈ ದೀರ್ಘಕಾಲದ ಮುಂದೆ ಇನ್ನೂರು ವರ್ಷವೆಂಬುದು ಎಷ್ಟರ ಮಾತು! ಹಳ್ಳಿಯ ಅಂಚಿನಲ್ಲಿ, ಬೀದಿಯಲ್ಲಿ, ಹಟ್ಟಿಯಲ್ಲಿ ಯಾರ ಆಯ್ಕೆಗೂ ಒಳಗಾಗದೆ ತಾವೇ ಸಂತಾನ ಬೆಳೆಸಿಕೊಂಡು ಬಂದ ನಾಯಿಗಳೇ ಲೋಕದಲ್ಲಿ ಬಹುಸಂಖ್ಯಾತವಾದವು. ಅವು ತಳಿಗಳ ಬೆರಕೆಯಲ್ಲ. ತಳಿಗಳು ಹುಟ್ಟುವುದಕ್ಕೆ ಮೊದಲಿನಿಂದಲೂ ಇದ್ದ ಸಮೂಹ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಕಣ್ಣು ಮೋಸಹೋಗುವುದೇಕೆ?

ನಾಯಿಯ ಜೀವಕೋಶದಲ್ಲಿ 39 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ಸುಮಾರು 20,000 ವಂಶವಾಹಿಗಳು ಅಡಗಿವೆ. ಇಷ್ಟೊಂದು ವಂಶವಾಹಿಗಳಲ್ಲಿ ನಮ್ಮ ಕಣ್ಣಿಗೆ ಥಟ್ಟನೆ ಬೀಳುವ ಲಕ್ಷಣಗಳನ್ನು ಆಳುವವು ಬೆರಳೆಣಿಕೆಯಷ್ಟು ಮಾತ್ರ. ಕೂದಲು ಉದ್ದವೊ ಗಿಡ್ಡವೊ, ಗುಂಗುರೊ ನೇರವೊ, ಮೀಸೆಗೂದಲುಂಟೊ ಇಲ್ಲವೊ - ತಳಿನಾಯಿಗಳಲ್ಲಿ ಕಾಣುವ ಈ ಭೇದಗಳಲ್ಲಿ ಹೆಚ್ಚಿನವನ್ನು ಮೂರೇ ವಂಶವಾಹಿಗಳಿಂದ ವಿವರಿಸಬಹುದೆಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಂಥ ಎರಡು ಮೂರು ಲಕ್ಷಣಗಳನ್ನು ನೋಡಿ ಮಿಕ್ಕ ಸಾವಿರಾರು ವಂಶವಾಹಿಗಳ ಮೂಲವನ್ನು ಹೇಳುವುದು, ಊರಿನ ಹೆಸರಿನ ಮೊದಲಕ್ಷರ 'ಕ' ಎಂದು ತಿಳಿದ ಮಾತ್ರಕ್ಕೆ ಅದು ಕಮಲಾಪುರವೇ ಎಂದು ಸಾಧಿಸಿದಂತೆ. ಕಂಪ್ಲಿಯೂ ಆಗಬಹುದು, ಕೊಪ್ಪಳವೂ ಆಗಬಹುದಷ್ಟೆ.

ಮೆಂಡೆಲನ ನಿಯಮವನ್ನು ಓದಿದವರಿಗೆ ಇನ್ನೊಂದು ತೊಡಕು ಸುಲಭವಾಗಿ ಹೊಳೆಯುತ್ತದೆ. ನಾಯಿಯಲ್ಲಿ ಗಿಡ್ಡಗೂದಲು ಪ್ರಬಲ ಗುಣ, ಉದ್ದಗೂದಲು ಗುಪ್ತ ಗುಣ. ತಾಯಿ ತಂದೆ ಎರಡೂ ಗಿಡ್ಡಗೂದಲಿನವೇ ಆಗಿದ್ದು, ಎರಡರಲ್ಲಿಯೂ ಉದ್ದಗೂದಲಿನ ವಂಶವಾಹಿ ಒಂದೊಂದು ಅಡಗಿದ್ದರೆ, ಮರಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಉದ್ದಗೂದಲಿನದಾಗಿ ಹುಟ್ಟುತ್ತದೆ. ಎಂಟು ಮರಿಗಳಿದ್ದರೆ ಎರಡನ್ನು ನಿರೀಕ್ಷಿಸಬಹುದು. ಆ ಎರಡನ್ನು ನೋಡಿದವರು ಯಾವುದೋ ವಿಲಾಯತಿ ನಾಯಿಯನ್ನು ತಂದೆಯೆಂದು ಕಲ್ಪಿಸುತ್ತಾರೆ. ಉಳಿದ ಆರು ಒಡಹುಟ್ಟಿದವುಗಳನ್ನು ಕಂಡವರು ಹಾಗೆನ್ನುವುದಿಲ್ಲ.

ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಬಾಸೆಂಜಿ ಮತ್ತು ಕಾಕರ್ ಸ್ಪೇನಿಯಲ್ ಎಂಬ ಎರಡು ತಳಿಗಳನ್ನು ಕೂಡಿಸಿ ಪರೀಕ್ಷಿಸಿದರು. ಅವರ ಗ್ರಂಥ 1965ರಲ್ಲಿ ಹೊರಬಂದಿತು. ಮೊದಲ ತಲೆಮಾರಿನ ಮರಿಗಳು ತಾಯಿಯನ್ನೂ ಹೋಲಲಿಲ್ಲ, ತಂದೆಯನ್ನೂ ಹೋಲಲಿಲ್ಲ. ಆ ಮರಿಗಳ ಮರಿಗಳಲ್ಲಂತೂ ಒಂದರ ರೂಪ ಇನ್ನೊಂದಕ್ಕಿಲ್ಲ. ಎರಡೇ ತಳಿಗಳು ಸೇರಿದಾಗಲೇ ಹೀಗಾದರೆ, ಅಜ್ಜ ಅಜ್ಜಿಯರಾರೆಂದು ತಿಳಿಯದ ಬೀದಿಯ ಮರಿಯ ವಿಷಯದಲ್ಲಿ ಹೇಳುವುದೇನು?

ನಮ್ಮ ಮರಿಯನ್ನೇ ಮತ್ತೆ ನೋಡೋಣ. ಕಪ್ಪು ಮೈ, ಕಂದು ಹುಬ್ಬು ಎಂಬುದು ಷೆಪರ್ಡಿನ ಸೊತ್ತಲ್ಲ. ಡಾಬರ್ಮನ್, ರಾಟ್‌ವೈಲರ್‌ಗಳಲ್ಲಿಯೂ ಅದುಂಟು, ಊರುನಾಯಿಗಳಲ್ಲಿಯೂ ಉಂಟು. ಒಳಸೇರಿದ ಹೊಟ್ಟೆಗೆ ಮುಧೋಳದ ರಕ್ತವೇ ಬೇಕಿಲ್ಲ, ಹಸಿವೆಯೇ ಸಾಕು. ಎರಡು ತಿಂಗಳು ಹೊಟ್ಟೆತುಂಬ ಉಂಡರೆ ಆ 'ಲಕ್ಷಣ' ಮಾಯವಾದೀತು. ಮಡಿಸಿದ ಕಿವಿಯೂ ಅಷ್ಟೆ: ಮರಿ ಬೆಳೆದಂತೆ ಕಿವಿಯ ಮೃದ್ವಸ್ಥಿ ಗಟ್ಟಿಯಾಗಿ ಅದು ನೆಟ್ಟಗಾಗುವುದುಂಟು. ದೊಡ್ಡ ನಾಯಿಗಳ ಕಿವಿಯಲ್ಲಿ ಕಾಣುವ ಕಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೆಂಬುದರ ಗುರುತು. ಇಲಿಗಳ ಬಾಲ ಕತ್ತರಿಸುತ್ತ ಹೋದರೂ ಅವುಗಳ ಮರಿಗಳು ಬಾಲದೊಡನೆಯೇ ಹುಟ್ಟಿದುವೆಂದು ವೈಸ್‌ಮನ್ ತೋರಿಸಿಕೊಟ್ಟಂತೆ, ಇಂಥ ಗುರುತುಗಳು ವಂಶದಲ್ಲಿ ಇಳಿಯುವುದಿಲ್ಲ.

ಡಿ.ಎನ್.ಎ. ಹೇಳುವುದೇನು?

ಕಣ್ಣು ಸೋತಲ್ಲಿ ಡಿ.ಎನ್.ಎ. ಪರೀಕ್ಷೆ ಗೆಲ್ಲುವುದಿಲ್ಲವೆ ಎಂದು ವಾಚಕರು ಕೇಳಬಹುದು. ಕೆನ್ನೆಯ ಒಳಬದಿಯನ್ನು ಹತ್ತಿಯಿಂದ ಒರಸಿ ತೆಗೆದ ಕೋಶಗಳ ಡಿ.ಎನ್.ಎ.ಯನ್ನು, ಮೊದಲೇ ಸಂಗ್ರಹಿಸಿಟ್ಟ ತಳಿಗಳ ಡಿ.ಎನ್.ಎ.ಯೊಡನೆ ಹೋಲಿಸುವುದೇ ಈ ಪರೀಕ್ಷೆಯ ಕ್ರಮ. ಕಣ್ಣಿನ ಅಂದಾಜಿಗಿಂತ ಇದು ಎಷ್ಟೋ ಮೇಲು. ಆದರೆ ಇದಕ್ಕೂ ಒಂದು ಮಿತಿಯಿದೆ. ಸಂಗ್ರಹದಲ್ಲಿ ಇಲ್ಲದ ಸಮೂಹದ ಹೆಸರನ್ನು ಪರೀಕ್ಷೆ ಹೇಳಲಾರದು. ಭಾರತದ ಊರುನಾಯಿಗಳ ಮಾದರಿಯೇ ಇಲ್ಲದ ಸಂಗ್ರಹದೊಡನೆ ಹೋಲಿಸಿದರೆ, ಇದ್ದುದರಲ್ಲಿ ಹತ್ತಿರವಾದ ಯಾವುದೋ ಪರದೇಶದ ತಳಿಯ ಹೆಸರು ಉತ್ತರವಾಗಿ ಬರಬಹುದು.

ಹಾಗಾದರೆ ನಮ್ಮ ಊರುನಾಯಿಗಳ ನಿಜಸ್ಥಿತಿಯೇನು? 38 ದೇಶಗಳ 549 ಊರುನಾಯಿಗಳನ್ನೂ 161 ತಳಿಗಳ ನಾಲ್ಕು ಸಾವಿರಕ್ಕೂ ಮಿಕ್ಕ ನಾಯಿಗಳನ್ನೂ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ದಕ್ಷಿಣ ಪೆಸಿಫಿಕ್ ದ್ವೀಪಗಳ ಮತ್ತು ಮಧ್ಯ, ದಕ್ಷಿಣ ಅಮೆರಿಕಗಳ ಕೆಲವು ಊರುನಾಯಿಗಳು ಬಹುಮಟ್ಟಿಗೆ ಯೂರೋಪಿನ ನಾಯಿಗಳ ಸಂತತಿಯೆಂದು ಕಂಡುಬಂದಿತು. ಆದರೆ ಭಾರತ, ವಿಯೆಟ್ನಾಂ, ಈಜಿಪ್ಟುಗಳ ಊರುನಾಯಿಗಳಲ್ಲಿ ಯೂರೋಪಿನ ಬೆರಕೆಯ ಸುಳಿವು ಅತ್ಯಲ್ಪವಾಗಿತ್ತು. ಪಟ್ಟಣಗಳಲ್ಲಿ ಸಾಕಿದ ತಳಿನಾಯಿಗಳನ್ನು ಬೀದಿಗೆ ಬಿಡುವುದರಿಂದ ಅಲ್ಲಲ್ಲಿ ಬೆರಕೆ ಆಗಿಯೇ ಆಗುತ್ತದೆ. ಆದರೂ ಮುತ್ತಜ್ಜನೊಬ್ಬ ಲ್ಯಾಬ್ರಡಾರ್ ಆಗಿದ್ದರೆ ಮರಿಗೆ ಬರುವ ಅವನ ಪಾಲು ಸರಾಸರಿ ಎಂಟರಲ್ಲೊಂದು. ಇನ್ನೆರಡು ತಲೆಮಾರು ಕಳೆದರೆ ಮೂವತ್ತೆರಡರಲ್ಲೊಂದು. ಆದುದರಿಂದ ಕಮಲಾಪುರದ ಮರಿಯನ್ನು ಕಂಡು "ಯಾವ ಯಾವ ತಳಿಗಳ ಬೆರಕೆ?" ಎಂದು ಕೇಳುವ ಪ್ರಶ್ನೆಯೇ ಬಹುಪಾಲು ತಪ್ಪು. ಅದು ಯಾವ ತಳಿಯ ತುಣುಕೂ ಆಗಿರದೆ, ಈ ನೆಲದ ನಾಯಿಯೇ ಆಗಿರುವ ಸಂಭವವೇ ಹೆಚ್ಚು. 'ಕಂತ್ರಿ' ಎಂಬ ಬೈಗುಳ ಇಂಗ್ಲಿಷಿನ 'ಕಂಟ್ರಿ' ಎಂಬುದರಿಂದ ಬಂದಿತೆನ್ನುತ್ತಾರೆ. ಹಾಗಿದ್ದರೆ ಅದರ ಅರ್ಥ 'ನಾಡಿನದು' ಎಂದಷ್ಟೆ. ಅದರಲ್ಲಿ ಕೀಳುತನವೇನೂ ಇಲ್ಲ.

ಗುಣವನ್ನಾದರೂ ತಳಿಯಿಂದ ಅರಿಯಬಹುದೆ? 18,000ಕ್ಕೂ ಹೆಚ್ಚು ನಾಯಿಗಳ ನಡತೆಯನ್ನು ಒಡೆಯರಿಂದ ಕೇಳಿ ತಿಳಿದು, ಅವುಗಳಲ್ಲಿ 2,155 ನಾಯಿಗಳ ಡಿ.ಎನ್.ಎ.ಯನ್ನೂ ಪರಿಶೀಲಿಸಿದ ಸಂಶೋಧನೆ 2022ರಲ್ಲಿ ಪ್ರಕಟವಾಯಿತು. ನಾಯಿ ನಾಯಿಗಳ ನಡುವಣ ನಡತೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಶೇಕಡಾ 9ರಷ್ಟು ಮಾತ್ರ.

ಮರಿಯಿಂದಲೇ ತಿಳಿಯತಕ್ಕದ್ದು

ಊಹೆಯನ್ನು ಬಿಟ್ಟು ಪರೀಕ್ಷಿಸಿದರೆ ಮರಿಯೇ ಎಷ್ಟೋ ಸಂಗತಿಗಳನ್ನು ಹೇಳುತ್ತದೆ. ನಾಯಿಮರಿಗೆ ಹಾಲುಹಲ್ಲುಗಳು 28. ಸುಮಾರು ನಾಲ್ಕನೆಯ ತಿಂಗಳಿನಿಂದ ಅವು ಬಿದ್ದು, ಏಳು ತಿಂಗಳಾಗುವ ವೇಳೆಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ಹೀಗೆ ವಯಸ್ಸನ್ನು ಪಶುವೈದ್ಯರು ಹಲ್ಲಿನಿಂದಲೇ ಅಂದಾಜುಮಾಡುತ್ತಾರೆ. ಜಂತುಹುಳುವಿಗೆ ಔಷಧ, ಸುಮಾರು ಮೂರು ತಿಂಗಳ ವಯಸ್ಸಿಗೆ ಹುಚ್ಚುನಾಯಿ ರೋಗದ ವಿರುದ್ಧ ಲಸಿಕೆ - ಇವು ಯಾವ ಕುಲದ ಮರಿಗಾದರೂ ಬೇಕಾದುವೇ. ಮರಿ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗವೊಂದುಂಟು. ನಿಮ್ಮ ಬೀದಿಯ ಇಪ್ಪತ್ತು ನಾಯಿಗಳನ್ನು ದೂರದಿಂದಲೇ, ಮುಟ್ಟದೆ, ಗಮನಿಸಿರಿ. ಮೈಬಣ್ಣ, ಕಿವಿ, ಬಾಲ, ಕೂದಲು ಎಂಬ ನಾಲ್ಕು ಕಲಮುಗಳಲ್ಲಿ ಗುರುತು ಹಾಕಿರಿ. ಅನಂತರ ಸ್ನೇಹಿತರು ಮೂವರನ್ನು ಬೇರೆ ಬೇರೆಯಾಗಿ ಕರೆದು ಪ್ರತಿಯೊಂದು ನಾಯಿಯ 'ತಳಿ'ಯನ್ನು ಹೇಳಲು ಕೇಳಿರಿ. ಮೂವರ ಉತ್ತರಗಳು ಎಷ್ಟು ಕಡೆ ಒಂದಾಗುತ್ತವೆ ಎಂಬುದನ್ನು ಎಣಿಸಿರಿ. ಊಹೆಗೂ ಜ್ಞಾನಕ್ಕೂ ಇರುವ ಅಂತರ ನಿಮಗೇ ತಿಳಿಯುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕನ್ನಡ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರನ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದುದರ ಸ್ಮಾರಕವದು. ಸಾವಿರ ವರ್ಷಗಳ ಹಿಂದಿನ ಆ ಕಲ್ಲು ನಾಯಿಯ ಹೆಸರನ್ನೂ ಅದು ಮಾಡಿದ ಕೆಲಸವನ್ನೂ ನಮಗೆ ಉಳಿಸಿಕೊಟ್ಟಿದೆ. ಹೆಸರು ಕಾಳಿ. ಕೆರೆಯ ಏರಿಯಿಂದ ತಂದ ಮರಿಗೂ ಮೊದಲು ಬೇಕಾದುದು ಕುಲವಲ್ಲ. ಒಂದು ಹೆಸರು, ಒಂದು ಬಟ್ಟಲು ಅನ್ನ, ಒಂದು ಲಸಿಕೆ.