ನೆರೆಮನೆಯ ಕೆಂಡ

ಬೆಂಕಿಪೆಟ್ಟಿಗೆ ಅಪರೂಪವಾಗಿದ್ದ ಕಾಲದಲ್ಲಿ ಹಳ್ಳಿಯ ಗೃಹಿಣಿಯರು ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದು ಆರಿಹೋದರೆ ನೆರೆಮನೆಯಿಂದ ಕೆಂಡ ತಂದು ಒಲೆ ಹೊತ್ತಿಸುತ್ತಿದ್ದರು. ಕೊಟ್ಟವರ ಒಲೆಗೆ ಇದರಿಂದ ಯಾವ ಕೊರತೆಯೂ ಆಗುತ್ತಿರಲಿಲ್ಲ. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹ ಏರ್ಪಾಡೊಂದು ಉಂಟು.

ವಿದ್ಯುತ್ತು ಹರಿದೊಡನೆ ಗಣಕಯಂತ್ರವು ಕೆಲಸಕ್ಕೆ ಸಿದ್ಧವಾಗುವುದಿಲ್ಲ. ಆ ಕ್ಷಣದಲ್ಲಿ ಅದಕ್ಕೆ ತಿಳಿದಿರುವುದು ಒಂದು ಚಿಪ್‌ನಲ್ಲಿ ಬರೆದಿಟ್ಟ ಕೆಲವೇ ಸೂಚನೆಗಳು. ಕೀಲಿಮಣೆ, ಪರದೆ, ಕಡತ ಇವೆಲ್ಲವನ್ನೂ ನಡೆಸುವ ಕಾರ್ಯಾಚರಣ ವ್ಯವಸ್ಥೆಯು ಸ್ಮರಣೆಗೆ ಬಂದ ಮೇಲೆಯೇ ಅದು ಎಚ್ಚರಗೊಳ್ಳುತ್ತದೆ. ಈ ಕ್ರಿಯೆಗೆ ‘ಬೂಟ್’ ಎಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದೆಂಬ ಇಂಗ್ಲಿಷ್ ನುಡಿಗಟ್ಟು ಇದರ ಮೂಲ.

ಸಾಮಾನ್ಯವಾಗಿ ಈ ವ್ಯವಸ್ಥೆಯು ಆಯಾ ಯಂತ್ರದ ಹಾರ್ಡ್ ಡಿಸ್ಕ್‌ನಲ್ಲಿರುತ್ತದೆ. 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಹಳಿಯಾಳ ತಾಲ್ಲೂಕಿನ ತೇರಗಾಂವದಂತಹ ಊರಿನ ಶಾಲೆಯೊಂದರಲ್ಲಿ ಇಪ್ಪತ್ತು ಯಂತ್ರಗಳಿವೆಯೆಂದು ಭಾವಿಸೋಣ. ಒಂದೊಂದಕ್ಕೂ ವ್ಯವಸ್ಥೆಯನ್ನು ತುಂಬಿಸುವುದು, ಕೆಟ್ಟಾಗ ಸರಿಪಡಿಸುವುದು ಪಾಠ ಹೇಳಬೇಕಾದ ಶಿಕ್ಷಕರಿಗೆ ಭಾರವೇ ಸರಿ. ಡಿಸ್ಕ್ ಕೆಟ್ಟ ಯಂತ್ರವಂತೂ ಮೂಲೆ ಸೇರುತ್ತದೆ.

ಇದಕ್ಕೆ ಪರಿಹಾರವೆಂದರೆ ವ್ಯವಸ್ಥೆಯನ್ನು ‘ಸರ್ವರ್’ ಎಂಬ ಮುಖ್ಯ ಯಂತ್ರದಲ್ಲಿಟ್ಟು ಉಳಿದವು ತಂತಿಯ ಮೂಲಕ ಅದನ್ನು ಪಡೆಯುವಂತೆ ಮಾಡುವುದು. ಇದಕ್ಕಾಗಿ 1985ರಲ್ಲಿ ‘ಬೂಟ್‌ಪಿ’ ಎಂಬ ನಿಯಮಾವಳಿ ಪ್ರಕಟವಾಯಿತು. 1999ರಲ್ಲಿ ಇಂಟೆಲ್ ಸಂಸ್ಥೆಯ ‘ಪಿಎಕ್ಸ್‌ಇ’ ನಿಯಮಾವಳಿಯು ಈ ವಿಧಾನವನ್ನು ಸಾಮಾನ್ಯ ಗಣಕಯಂತ್ರಗಳಿಗೆ ಸುಲಭಗೊಳಿಸಿತು.

ಕ್ರಮವು ಸರಳವಾದುದು. ಎಚ್ಚರಗೊಳ್ಳುವ ಯಂತ್ರವು ಮೊದಲು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ತನಗೊಂದು ವಿಳಾಸ ಬೇಕೆಂದು ಕೂಗುತ್ತದೆ. ಸರ್ವರ್ ವಿಳಾಸವನ್ನೂ ತರಬೇಕಾದ ಕಡತದ ಹೆಸರನ್ನೂ ತಿಳಿಸುತ್ತದೆ. ಯಂತ್ರವು ಆ ಪುಟ್ಟ ಕಡತವನ್ನು ತರಿಸಿಕೊಂಡು ನಡೆಸುತ್ತದೆ. ಅದು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ತರುತ್ತದೆ. ತಿರುಳು ಉಳಿದುದನ್ನು ಬರಮಾಡಿಕೊಳ್ಳುತ್ತದೆ. ಕಿಡಿಯಿಂದ ಚಕ್ಕೆಗೆ, ಚಕ್ಕೆಯಿಂದ ಕೊರಡಿಗೆ ಬೆಂಕಿ ಹತ್ತುವಂತೆ ಇದು ಹಂತಹಂತವಾಗಿ ಸಾಗುತ್ತದೆ.

ಸರ್ವರ್‌ನಲ್ಲಿ ಒಂದೇ ವ್ಯವಸ್ಥೆ ಇರಬೇಕೆಂಬ ಕಟ್ಟಳೆಯಿಲ್ಲ. ಹಲವು ವ್ಯವಸ್ಥೆಗಳ ಪಡಿಯಚ್ಚುಗಳನ್ನು, ಅಂದರೆ ‘ಇಮೇಜ್’ಗಳನ್ನು, ಇಡಬಹುದು. ಪ್ರತಿ ಜಾಲಕಾರ್ಡಿಗೂ 48 ಬಿಟ್‌ಗಳ ಗುರುತುಸಂಖ್ಯೆಯಿರುತ್ತದೆ. ಅದನ್ನು ನೋಡಿ ಸರ್ವರ್ ಒಂದು ಯಂತ್ರಕ್ಕೆ ಕನ್ನಡದ ಪರದೆಯುಳ್ಳ ಲಿನಕ್ಸನ್ನೂ ಮತ್ತೊಂದಕ್ಕೆ ಬೇರೊಂದು ವ್ಯವಸ್ಥೆಯನ್ನೂ ಕೊಡಬಲ್ಲದು. ಪಡಿಯಚ್ಚನ್ನು ಒಮ್ಮೆ ತಿದ್ದಿದರೆ ಮರುದಿನ ಎಲ್ಲ ಯಂತ್ರಗಳೂ ತಿದ್ದಿದ ರೂಪದಲ್ಲಿಯೇ ಏಳುತ್ತವೆ. 1999ರಲ್ಲಿ ಆರಂಭವಾದ ‘ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್’ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಡಿಸ್ಕ್ ಇಲ್ಲದ ಹಳೆಯ ಯಂತ್ರಗಳೂ ಮತ್ತೆ ಉಪಯೋಗಕ್ಕೆ ಬಂದವು.

ಆದರೆ ಈ ಏರ್ಪಾಡಿಗೆ ದೋಷಗಳೂ ಇವೆ. ಸರ್ವರ್ ನಿಂತರೆ ಇಡೀ ಕೊಠಡಿಯೇ ನಿಲ್ಲುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಏನನ್ನೂ ಅರಿಯದ ಯಂತ್ರವು ತನ್ನ ಕೂಗಿಗೆ ಓಗೊಟ್ಟವರನ್ನು ಸುಲಭವಾಗಿ ನಂಬಿಬಿಡುತ್ತದೆ. ದುರುದ್ದೇಶದ ಯಂತ್ರವೊಂದು ಜಾಲದಲ್ಲಿ ಸೇರಿಕೊಂಡು ಕೆಟ್ಟ ಪಡಿಯಚ್ಚನ್ನು ಕೊಟ್ಟರೆ ಅದನ್ನೂ ಸ್ವೀಕರಿಸಬಹುದು. ಸಹಿಯುಳ್ಳ ಕಡತವನ್ನಷ್ಟೇ ಒಪ್ಪುವ ‘ಸೆಕ್ಯೂರ್ ಬೂಟ್’ ಎಂಬ ಕಾವಲು ಇಂತಹ ಅಪಾಯವನ್ನು ತಗ್ಗಿಸಬಲ್ಲದು.

ಹಂಚಿಕೊಂಡ ಅರಿವು ಕಡಿಮೆಯಾಗುವುದಿಲ್ಲ. ಬಡ ಶಾಲೆಗೂ ಅದು ದಕ್ಕುತ್ತದೆ. ಆದರೆ ಕೆಂಡ ಯಾರ ಮನೆಯದೆಂಬ ವಿವೇಚನೆ ಪಡೆಯುವವರಿಗೆ ಇರಲೇಬೇಕು.

ಅಭ್ಯಾಸ

1. ‘ಬೂಟ್’ ಎಂಬ ಹೆಸರು ಹೇಗೆ ಬಂದಿತು?
2. ಜಾಲದ ಮೂಲಕ ಗಣಕಯಂತ್ರವು ಎಚ್ಚರಗೊಳ್ಳುವ ಹಂತಗಳನ್ನು ವಿವರಿಸಿರಿ.
3. ಈ ಏರ್ಪಾಡಿನ ಗುಣದೋಷಗಳನ್ನು ವಿಮರ್ಶಿಸಿರಿ.